ಫೋಟೋ ತೆಗೆದವರ ಹೆಸರು

ಪರದೆಯ ಮೇಲೆ ಅಕ್ಕಯಮ್ಮನ ಮುಖದ ಕೆಳಗೆ ಕೆಂಪು ಚೌಕಟ್ಟೊಂದು ಬಂದು ಕೂತಿತ್ತು. ಸರಳಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ಓದಿದಳು. ಈ ಚಿತ್ರದ ಹಕ್ಕು ಯಾರದೆಂದು ತಿಳಿದಿಲ್ಲ, ಒಂದು ವಾರದೊಳಗೆ ವಿವರ ಸಿಗದಿದ್ದರೆ ತೆಗೆದುಹಾಕಲಾಗುವುದು ಎಂದಿತ್ತು. ಹೊರಗೆ ಶ್ರೀನಿವಾಸಪುರದ ರಸ್ತೆಯಲ್ಲಿ ಮಾವಿನಕಾಯಿ ಲಾರಿಗಳು ಒಂದಕ್ಕೊಂದು ದಾರಿ ಬಿಡದೆ ಹಾರನ್ ಹೊಡೆಯುತ್ತಿದ್ದವು. ಸೈಬರ್ ಸೆಂಟರಿನಾಕೆ ಏನೂ ಕೇಳದೆ ಬಂದು ಫ್ಯಾನನ್ನು ಇವಳ ಕಡೆ ತಿರುಗಿಸಿ ಹೋದಳು.

ಸರಳಾ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಕನ್ನಡ ವಿಶ್ವಕೋಶವೊಂದಿದೆ ಎಂದು ಹಿಂದಿನ ವರ್ಷ, ಎರಡು ಸಾವಿರದ ಏಳರ ತರಬೇತಿಯಲ್ಲಿ ಕೇಳಿದ್ದಳು. ಕೇಳಿ ಸುಮ್ಮನಾಗಿದ್ದಳು ಕೂಡ. ಆದರೆ ಒಂದು ದಿನ ತರಗತಿಯಲ್ಲಿ ತನ್ನ ಸೋದರತ್ತೆ ದೇವರಾಯಸಮುದ್ರದ ಅಕ್ಕಯಮ್ಮ ತೆಲುಗಿನಲ್ಲೂ ಕನ್ನಡದಲ್ಲೂ ಬೆಳಗಿನವರೆಗೆ ತಂಬೂರಿ ಹಿಡಿದು ಹಾಡುತ್ತ ಬುರ್ರಕಥೆ ಹೇಳುತ್ತಿದ್ದಳೆಂದಾಗ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಹೆಂಗಸ್ರು ಎಲ್ಲಿ ಹೇಳ್ತಿದ್ರು ಮಿಸ್, ಸುಮ್ನೆ ಹೇಳ್ತೀರ" ಎಂದು ನಕ್ಕಿದ್ದಳು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಸರಳಾಗೆ ಆವತ್ತು ಊಟ ಸೇರಲಿಲ್ಲ. ಬೇಸಿಗೆ ರಜೆಯಲ್ಲಿ ಕೂತು ಅತ್ತೆಯ ಬಗ್ಗೆ ಒಂದು ಪುಟ ಬರೆದಳು. ಗೋಡೆಯ ಮೇಲಿನ ಫೋಟೋ ಇಳಿಸಿ, ಕುಂಕುಮ ಒರೆಸಿ, ಸ್ಕ್ಯಾನ್ ಮಾಡಿಸಿ ಆ ಪುಟಕ್ಕೆ ಸೇರಿಸಿದಳು.

ಅಕ್ಕಯಮ್ಮ ಕಥೆ ಹೇಳುತ್ತಿದ್ದ ಕಾಲದ ಫೋಟೋ ಅದೊಂದೇ, ಮುಳಬಾಗಿಲಿನ ಸ್ಟುಡಿಯೋವೊಂದರಲ್ಲಿ ತೆಗೆದದ್ದು. ಹೆಗಲ ಮೇಲೆ ತಂಬೂರಿ, ಸೊಂಟಕ್ಕೆ ಬಿಗಿದ ಸೆರಗು, ಮುಂದಿನ ಮಾತು ಇನ್ನೇನು ಬಂತು ಎನ್ನುವ ಹಾಗೆ ಅರೆತೆರೆದ ಬಾಯಿ. ಅದು ಬಿಟ್ಟರೆ ಉಳಿದಿರುವುದು ಮತದಾರರ ಚೀಟಿಯಲ್ಲಿನ ಮಸುಕು ಮುದುಕಿ. ಫೋಟೋ ಯಾರ ಕೃತಿ ಎಂದು ವಿಶ್ವಕೋಶ ಕೇಳಿದಾಗ ಸರಳಾ ಯೋಚಿಸದೆ ತನ್ನದೇ ಎಂದು ಗುರುತು ಹಾಕಿದ್ದಳು. ದಿನಾ ತಾನೇ ಕುಂಕುಮವಿಟ್ಟು ಕೈಮುಗಿಯುವ ಫೋಟೋ ಇನ್ನಾರದಾದೀತು?

ಕೆಂಪು ಚೌಕಟ್ಟು ಹಾಕಿದವನು ವಂಶಿಕೃಷ್ಣ ಎಂಬ ಹೆಸರಿನವನು, ಯಾವ ಊರಿನವನೋ. ಅವಳು ಸಿಟ್ಟಿನಿಂದ ಬರೆದ ನಾಲ್ಕು ಸಾಲಿಗೆ ಅವನು ಸಮಾಧಾನವಾಗಿ ಉತ್ತರ ಬರೆದಿದ್ದ. ಮನೆಯಲ್ಲಿ ಫೋಟೋ ಇದ್ದ ಮಾತ್ರಕ್ಕೆ ಅದರ ಹಕ್ಕು ಮನೆಯವರದ್ದಾಗುವುದಿಲ್ಲ ಮೇಡಂ, ನಿಮ್ಮ ಅತ್ತೆಯವರೇ ಹಣ ಕೊಟ್ಟು ತೆಗೆಸಿಕೊಂಡಿದ್ದರೆ ಮಾತು ಬೇರೆ, ಸ್ಟುಡಿಯೋದವರು ತಮಗಾಗಿ ತೆಗೆದಿದ್ದರೆ ಹಕ್ಕು ಅವರದು, ದಯವಿಟ್ಟು ವಿಚಾರಿಸಿ ನೋಡಿ ಎಂದಿದ್ದ. ನಿಮ್ಮ ಪುಟ ಓದಿ ನಮ್ಮ ಅಜ್ಜಿಗೂ ಹೇಳಿದೆ ಎಂದು ಕೊನೆಗೊಂದು ಸಾಲು ಸೇರಿಸಿದ್ದ.

ಮನೆಯಲ್ಲಿ ಗಂಡ ನಂದಕುಮಾರ್ ಅನ್ನಕ್ಕೆ ಸಾರು ಕಲಸುತ್ತ ಇದನ್ನೆಲ್ಲ ಕೇಳಿಸಿಕೊಂಡ. "ಕಾಸು ಕೊಟ್ಟಿದ್ವಿ ಅಂತ ಬರ್ದಾಕು ಕಣೇ. ಮುಳಬಾಗ್ಲಿಗೆ ಬಂದು ಯಾರು ಕೇಳ್ತಾರೆ?"

"ಕೊಟ್ಟಿದ್ರೋ ಇಲ್ವೋ ನಂಗೆ ಗೊತ್ತಿಲ್ವಲ್ಲ."

"ಗೊತ್ತಿಲ್ದೆ ಇರೋದೇ ಒಳ್ಳೇದಾಯ್ತಲ್ಲ."

ಸರಳಾ ಫೋಟೋವನ್ನು ಹಾಳೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಮರುದಿನ ಅವಳು ಚಪ್ಪಲಿ ಮೆಟ್ಟುವ ಹೊತ್ತಿಗೆ ಅವನೇ ನೀರಿನ ಬಾಟಲಿ ತುಂಬಿಸಿ ತಂದು ಅವಳ ಚೀಲದಲ್ಲಿಟ್ಟ.

ಫೋಟೋದ ಹಿಂದೆ ಪದ್ಮಾ ಸ್ಟುಡಿಯೋ, ಮುನಿರಾಮಪ್ಪ, ಮುಳಬಾಗಿಲು ಎಂಬ ಮೊಹರಿತ್ತು. ಕೇಳಿಕೊಂಡು ಹೋದಾಗ ಸಿಕ್ಕಿದ್ದು ಮೊಬೈಲ್ ರೀಚಾರ್ಜ್ ಅಂಗಡಿ. ಸ್ಟುಡಿಯೋ ಮುಚ್ಚಿ, ಮುನಿರಾಮಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಅವರ ಹೆಂಡತಿ ಬೈರಮ್ಮ ಅಂಗಡಿಯ ಹಿಂದಿನ ಮನೆಯಲ್ಲಿದ್ದಳು. ಎಪ್ಪತ್ತು ದಾಟಿದ್ದರೂ ನೆಟ್ಟಗೆ ನಿಲ್ಲುವ ಹೆಂಗಸು.

"ಎವರಮ್ಮಾ?" ಎಂದು ತೆಲುಗಿನಲ್ಲಿ ಯಾರೆಂದು ಕೇಳುತ್ತ ಬಾಗಿಲಿಗೆ ಬಂದವಳು, ಸರಳಾ ಚೀಲದಿಂದ ತೆಗೆದ ಫೋಟೋ ನೋಡುತ್ತಲೇ, "ಅಯ್ಯೋ, ನಮ್ ಅಕ್ಕಯಮ್ಮ" ಎಂದು ಒಳಗೆ ಕರೆದು ಚಾಪೆ ಹಾಸಿದಳು. ಒಂದು ಲೋಟ ನೀರುಮಜ್ಜಿಗೆ ಕೊಟ್ಟು, ಅದು ಖಾಲಿಯಾದ ಮೇಲೆಯೇ ಮಾತಿಗೆ ಕೂತಳು. ಫೋಟೋಗೆ ಕಾಸು ತೆಗೆದುಕೊಂಡಿರಲಿಲ್ಲ ಎಂದು ತಾನಾಗಿಯೇ ಹೇಳಿದಳು. ಹಾದಿಯಲ್ಲಿ ಹೋಗುತ್ತಿದ್ದವಳನ್ನು ಕರೆದು ಷೋಕೇಸಿಗೆಂದು ತೆಗೆದದ್ದಂತೆ. ಒಂದು ಪ್ರತಿ ಅವಳ ಕೈಗೂ ಕೊಟ್ಟಿದ್ದರಂತೆ.

ಅಲ್ಲಿಗೆ ಹಕ್ಕು ಯಾರದೆಂದು ತೀರ್ಮಾನವಾಯಿತು. ಸರಳಾ ಬಂದ ವಿಷಯ ವಿವರಿಸಿದಳು. ಸ್ಟುಡಿಯೋದವರು ಒಪ್ಪಿದರೆ ಫೋಟೋ ಉಳಿಯುತ್ತದೆ. ಆದರೆ ಒಪ್ಪಿಗೆ ಎಂದರೆ ಇಡೀ ಲೋಕಕ್ಕೆ ಕೊಟ್ಟ ಹಾಗೆ.

"ಯಾರ್ ಬೇಕಾದ್ರೂ ತಗೋಬೋದಾ?"

"ತಗೋಬೋದಮ್ಮ."

"ಅಚ್ಚಾಕಿ ಮಾರ್ಕೋಬೋದಾ?"

ಇಲ್ಲ ಎಂದುಬಿಟ್ಟಿದ್ದರೆ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಸರಳಾ ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ಮಾರ್ಕೋಬೋದು. ಹೆಸರು ಹಾಕ್ಬೇಕು ಅಷ್ಟೇ. ಬೇಡ ಅನ್ನೋಕಾಗಲ್ಲ."

ಬೈರಮ್ಮ ಒಂದು ಮಗುವಿನ ಸಂಗತಿ ಹೇಳಿದಳು. ಷೋಕೇಸಿನಲ್ಲಿದ್ದ ಆ ಮಗುವಿನ ಫೋಟೋವನ್ನು ಯಾರೋ ಊದುಬತ್ತಿ ವ್ಯಾಪಾರಿ ಚೆನ್ನಾಗಿದೆಯೆಂದು ಕೇಳಿ ಒಯ್ದ. ವರ್ಷದೊಳಗೆ ಮಗು ಜ್ವರ ಬಂದು ತೀರಿಹೋಯಿತು. ಆಮೇಲೆ ಅದೇ ಮುಖ ಊದುಬತ್ತಿ ಪೊಟ್ಟಣದ ಮೇಲೆ ಪೇಟೆಯ ಅಂಗಡಿ ಅಂಗಡಿಯಲ್ಲಿ ತೂಗಾಡಿತು. ತಾಯಿ ಬಂದು ಸ್ಟುಡಿಯೋ ಮೆಟ್ಟಿಲ ಮೇಲೆ ಕೂತವಳು ಸಂಜೆಯಾದರೂ ಏಳಲಿಲ್ಲ. ಮಾರನೆಯ ದಿನ ಮುನಿರಾಮಪ್ಪ ಷೋಕೇಸನ್ನೇ ಕೀಳಿಸಿಹಾಕಿದರು.

"ಅಕ್ಕಯಮ್ಮನ್ನ ನಾನು ಹಂಗೆ ಬೀದಿಗೆ ಬಿಡಲ್ಲ ಕಣಮ್ಮ. ನೀನು ಬೇಜಾರ್ ಮಾಡ್ಕೋಬೇಡ. ಸುಳ್ಳೇಳಿದ್ರೆ ನಂಗೇನ್ ಗೊತ್ತಾಗ್ತಿತ್ತು, ನಿಜ ಹೇಳ್ದೆ. ಊಟ ಮಾಡ್ಕೊಂಡ್ ಹೋಗು."

ಮುದ್ದೆ, ಹುರುಳಿಕಾಳು ಸಾರು ಉಂಡು ಸರಳಾ ಬರಿಗೈಯಲ್ಲಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಯೋಚಿಸಿದಳು. ಬೈರಮ್ಮನ ಮಾತು ತಪ್ಪೆಂದು ಅವಳಿಗೆ ಅನ್ನಿಸಲಿಲ್ಲ. ಹಾಗೆಂದು ಅತ್ತೆಯ ಮುಖವನ್ನು ಬಿಟ್ಟುಕೊಡಲೂ ಮನಸ್ಸು ಒಪ್ಪಲಿಲ್ಲ. ನೇರವಾಗಿ ಸೈಬರ್ ಸೆಂಟರಿಗೆ ಹೋಗಿ ನಡೆದದ್ದನ್ನೆಲ್ಲ ವಂಶಿಕೃಷ್ಣನಿಗೆ ಬರೆದಳು, ಕಾಸು ಕೊಟ್ಟಿರಲಿಲ್ಲವೆಂಬುದನ್ನೂ.

ಅವನು ಇನ್ನೊಂದು ದಾರಿ ತೋರಿಸಿದ. ನ್ಯಾಯಯುತ ಬಳಕೆ ಎಂಬುದೊಂದಿದೆ. ತೀರಿಹೋದವರ ಫೋಟೋ, ಅದಕ್ಕೆ ಬದಲಿ ಇನ್ನೆಂದೂ ಸಿಗದು ಎಂದಾದರೆ ಚಿಕ್ಕದಾಗಿಸಿ ಆ ಒಂದು ಪುಟದಲ್ಲಿ ಮಾತ್ರ ಇಡಬಹುದು. ಅಚ್ಚು ಹಾಕಿದರೆ ಮುಖ ಒಡೆದುಹೋಗುವಷ್ಟು ಚಿಕ್ಕದು. ಹಕ್ಕು ಇದ್ದವರ ಬಳಿಯೇ ಇರುತ್ತದೆ. ಆದರೆ ಯಾಕೆ ಬೇಕೇಬೇಕು ಎಂಬುದನ್ನು ಚರ್ಚೆಯ ಪುಟದಲ್ಲಿ ಎಲ್ಲರ ಮುಂದೆ ವಾದಿಸಿ ಗೆಲ್ಲಬೇಕು. ಅಲ್ಲಿಯವರೆಗೆ ಚಿತ್ರ ಅಳಿಸದಂತೆ ನಾನು ನೋಡಿಕೊಳ್ಳುತ್ತೇನೆ ಎಂದ.

ಚರ್ಚೆಯಲ್ಲಿ ಮಾಧವ್ ಎಂಬಾತ ಪಟ್ಟು ಬಿಡಲಿಲ್ಲ. ಎಲ್ಲರ ಅತ್ತೆಯರಿಗೂ ವಿನಾಯಿತಿ ಕೊಡುತ್ತ ಹೋದರೆ ನಿಯಮ ಯಾಕಿರಬೇಕು ಎಂದು ಬರೆದ. ಸರಳಾ ಶಾಲೆ ಮುಗಿಸಿ ಬಂದವಳು ಅದನ್ನು ಎರಡು ಸಲ ಓದಿದಳು. ಮೊದಲ ಸಲ ಕಣ್ಣು ತುಂಬಿತು. ಎರಡನೆಯ ಸಲ ಬೆರಳುಗಳು ತಾವಾಗಿ ಕೀಲಿಮಣೆಗೆ ಹೋದವು. ವಿನಾಯಿತಿ ನನ್ನ ಅತ್ತೆಗಲ್ಲ ಮಾಧವ್ ಅವರೇ, ಆಕೆಗೆ ಅದರ ಅಗತ್ಯವಿಲ್ಲ. ಹೆಂಗಸರು ಈ ಕಥೆ ಹೇಳಿದ್ದೇ ಇಲ್ಲ ಎಂದುಕೊಂಡು ಬೆಳೆಯುತ್ತಿರುವ ಹುಡುಗಿಯರಿದ್ದಾರೆ. ಅವರು ನನ್ನ ಮಾತು ನಂಬುವುದಿಲ್ಲ, ಹೆಗಲ ಮೇಲಿನ ತಂಬೂರಿಯನ್ನು ನಂಬುತ್ತಾರೆ. ಆಕೆ ಇನ್ನೊಮ್ಮೆ ಬಂದು ನಿಲ್ಲುವುದಿಲ್ಲ.

ನಾಲ್ಕಾರು ಮಂದಿ ಅತ್ತಿತ್ತ ಮಾತಾಡಿದರು. ಕೊನೆಗೆ ಮಾಧವನೇ, ಫೋಟೋ ಎಲ್ಲಿಂದ ಬಂತು, ಯಾರು ತೆಗೆದರು ಎಂಬುದನ್ನು ಸರಿಯಾಗಿ ನಮೂದಿಸಿದರೆ ತನ್ನ ಅಡ್ಡಿಯಿಲ್ಲ ಎಂದು ಬರೆದ. ಕೆಂಪು ಚೌಕಟ್ಟು ಹೋಯಿತು. ಅಕ್ಕಯಮ್ಮ ಚಿಕ್ಕವಳಾಗಿ, ಅಂಚೆಚೀಟಿಗಿಂತ ಸ್ವಲ್ಪ ದೊಡ್ಡವಳಾಗಿ ತನ್ನ ಪುಟದಲ್ಲಿ ಉಳಿದುಕೊಂಡಳು.

ತೆಗೆದವರ ಹೆಸರಿನ ಜಾಗದಲ್ಲಿ ಸರಳಾ ಮುನಿರಾಮಪ್ಪ ಎಂದು ತುಂಬಿದಳು. ತುಂಬಿದ ಮೇಲೆ ಅನುಮಾನ ಬಂತು. ಅದೇ ಜಾಗದಲ್ಲಿ ಒಮ್ಮೆ ತಿಳಿಯದೆ ತನ್ನ ಹೆಸರು ಹಾಕಿದ್ದಳು. ಈಗಲೂ ಅವಳಿಗೆ ಗೊತ್ತಿದ್ದದ್ದು ಮೊಹರು ಮಾತ್ರ. ಬೈರಮ್ಮ ಆ ದಿನ ಹಾದಿಯಲ್ಲಿ ಕರೆದೆವು ಎಂದಿದ್ದಳೇ ಹೊರತು ಕ್ಯಾಮೆರಾ ಹಿಡಿದವರು ಯಾರೆಂದು ಹೇಳಿರಲಿಲ್ಲ. ಫೋಟೋವನ್ನು ಪುಟದಲ್ಲಿಡಲು ಅವಳ ಅನುಮತಿ ಬೇಕಿಲ್ಲದಿದ್ದರೂ, ಇಟ್ಟದ್ದನ್ನು ಅವಳಿಗೆ ಒಂದು ಮಾತು ತಿಳಿಸಬೇಕಿತ್ತು. ಭಾನುವಾರ ಸರಳಾ ಮತ್ತೆ ಮುಳಬಾಗಿಲಿನ ಬಸ್ಸು ಹತ್ತಿದಳು.

ಪುಟವನ್ನು ಮುದ್ರಿಸಿ ತಂದಿದ್ದಳು. ಬೈರಮ್ಮ ಬೆಳಕಿನ ಕಡೆ ಹಿಡಿದು ನೋಡಿದಳು. ಇದನ್ನು ದೊಡ್ಡದು ಮಾಡಲು ಆಗುತ್ತದೆಯೇ ಎಂದು ಕೇಳಿದಳು. ಆಗುವುದಿಲ್ಲ, ಚುಕ್ಕೆ ಚುಕ್ಕೆಯಾಗುತ್ತದೆ ಎಂದಾಗ, "ಇಷ್ಟಿದ್ರೆ ಇರ್ಲಿ ಬಿಡು" ಎಂದಳು.

"ಕೆಳಗೆ ನಿಮ್ ಯಜಮಾನ್ರ ಹೆಸರು ಹಾಕಿದೀನಿ ಅಮ್ಮ. ಅವರೇ ಅಲ್ವಾ ತೆಗೆದಿದ್ದು?"

ಬೈರಮ್ಮ ಕಾಗದವನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಮಡಿಕೆ ಸವರಿದಳು. "ಮೊಹರು ಅವರ್ದು. ಸ್ಟುಡಿಯೋದ ಫೋಟೋಗೆಲ್ಲ ಅದೇ ಮೊಹರು."

ಬೈರಮ್ಮ ಕಾಗದವನ್ನು ಮತ್ತೆ ಕೈಗೆತ್ತಿಕೊಂಡಳು.

"ಆವತ್ತು ಶುಕ್ರವಾರ ಕಣಮ್ಮ. ಶುಕ್ರವಾರ ಹೆಂಗಸರ ದಿನ. ಗಂಡಿಗೆ ತೋರ್ಸೋಕೆ ಫೋಟೋ ಬೇಕು ಅನ್ನೋ ಹೆಣ್ಮಕ್ಳು, ಬುರ್ಖಾದೋರು, ಗಂಡಸ್ರ ಮುಂದೆ ನಿಲ್ಲೋಕೆ ನಾಚ್ಕೊಳೋರು, ಎಲ್ಲ ಆವತ್ತೇ ಬರೋರು. ನಮ್ ಯಜಮಾನ್ರು ಹೊರ್ಗೆ ಮೆಟ್ಲ ಮೇಲೆ ಬೀಡಿ ಸೇದ್ಕೊಂಡು ಕುಂತಿರೋರು. ಒಳ್ಗೆ ನಾನು."

"ನೀವಾ?"

"ಅವರೇ ಕಲ್ಸಿದ್ರು. ಫಿಲಂ ತೊಳೆಯೋದು, ಅಚ್ಚು ತೆಗೆಯೋದು ಅವರು, ಬಟನ್ ಒತ್ತೋದು ನಾನು. ಅಕ್ಕಯಮ್ಮನ ಕಥೆ ಹಿಂದಿನ ರಾತ್ರಿ ಕೇಳಿದ್ದೆ. ಬೆಳಿಗ್ಗೆ ಬಾಗ್ಲಲ್ಲಿ ಹೋಗ್ತಾವ್ಳೆ. ತಡ್ಕೊಳಕ್ಕಾಗ್ಲಿಲ್ಲ, ಕರ್ದೆ. ನಿಂತ್ಕೋ ಅಂದ್ರೆ ಮರದ ಹಂಗೆ ನಿಂತ್ಲು. ಆಮೇಲೆ, ರಾತ್ರಿ ನಿಲ್ಸಿದ್ಯಲ್ಲ, ಅಲ್ಲಿಂದ ಹೇಳು ಅಂದೆ. ಬಾಯಿ ತೆಗೆದ್ಲು. ಒತ್ಬಿಟ್ಟೆ."

ಸರಳಾ ಆ ಅರೆತೆರೆದ ಬಾಯಿಯನ್ನು ಇಷ್ಟು ವರ್ಷ ದಿನಾ ನೋಡಿದ್ದಳು. ಈಗ ಅದು ಯಾರ ಕಡೆ ತಿರುಗಿ ತೆರೆದಿತ್ತೆಂದು ತಿಳಿಯಿತು. "ಹಾಗಾದ್ರೆ ನಿಮ್ ಹೆಸರೇ ಹಾಕ್ಬೇಕು."

"ಬೇಡಮ್ಮ. ಸತ್ತೋರ ಹೆಸ್ರು ತೆಗ್ದು ನಂದು ಹಾಕ್ಕೊಂಡ್ರೆ ಜನ ಏನಂದಾರು."

"ನಾನು ಮುಂಚೆ ನನ್ ಹೆಸರು ಹಾಕಿದ್ದೆ, ತೆಗ್ಸಿದ್ರು. ನಿಮ್ ಯಜಮಾನ್ರ ಹೆಸರೂ ಹಾಗೇ ಸುಳ್ಳಾಗುತ್ತಲ್ಲಮ್ಮ. ನೀವು ಬೇಡ ಅಂದ್ರೆ ಜಾಗ ಖಾಲಿ ಬಿಡ್ತೀನಿ. ಸುಳ್ಳು ಮಾತ್ರ ಹಾಕಲ್ಲ."

ಮುಂದಿನ ಅಂಗಡಿಯಲ್ಲಿ ಯಾರೋ ನಂಬರು ಹೇಳಿ ಹಣ ಹಾಕಿಸಿಕೊಂಡು ಹೋದರು. ಬೈರಮ್ಮ ಎದ್ದು ಒಲೆಯ ಮೇಲಿನ ಪಾತ್ರೆ ಇಳಿಸಿ, ಸೀರೆಗೆ ಕೈ ಒರೆಸಿಕೊಂಡು ಬಂದಳು.

"ತೊಳ್ದಿದ್ದು ಅವರು ಅಂತ ಬರೆಯೋಕೆ ಜಾಗ ಐತಾ?"

"ಇದೆ."

"ಅದನ್ನ ಬರಿ. ಪದ್ಮಾ ಸ್ಟುಡಿಯೋ ಅಂತನೂ ಬರಿ." ಸ್ವಲ್ಪ ತಡೆದು, ಬಾಗಿಲ ಕಡೆ ನೋಡುತ್ತ ಹೇಳಿದಳು, "ತೆಗೆದಿದ್ದು ಬೈರಮ್ಮ ಅಂತ ಹಾಕು."

ಸರಳಾ ಪೆನ್ನು ತೆಗೆದು, ಮುದ್ರಿಸಿದ ಕಾಗದದ ಮೇಲೆಯೇ ಮುನಿರಾಮಪ್ಪನವರ ಹೆಸರನ್ನು ಹೊಡೆದುಹಾಕದೆ, ಪಕ್ಕಕ್ಕೆ ಬಾಣದ ಗುರುತು ಹಾಕಿ ತೊಳೆದವರು ಎಂದು ಬರೆದು, ಮೇಲೆ ಬೈರಮ್ಮನ ಹೆಸರು ಸೇರಿಸಿಕೊಂಡಳು. ಇವತ್ತೇ ಸಂಜೆ ಪುಟದಲ್ಲಿ ಸರಿಮಾಡುತ್ತೇನೆ ಎಂದಳು. ಬೈರಮ್ಮ ಬಸ್ಸಿಗೆ ಬಿಡಲು ಜೊತೆಗೆ ಹೊರಟಳು.

ರಸ್ತೆಯ ಅಂಚಿನಲ್ಲಿ ಹೊಂಗೆಮರದ ಕೆಳಗೆ ನಿಂತರು. ಎಲೆಗಳ ಮಧ್ಯೆ ಬಿಸಿಲು ಸರಿದು ಸರಳಾಳ ಮುಖದ ಒಂದು ಬದಿಗೆ ಬಿದ್ದಿತ್ತು. ಬೈರಮ್ಮ ಇದ್ದಕ್ಕಿದ್ದಂತೆ ಎರಡು ಹೆಜ್ಜೆ ಹಿಂದೆ ಸರಿದಳು. ಮತ್ತೆ ಹತ್ತಿರ ಬಂದು ಇವಳ ಸೆರಗಿನ ನೆರಿಗೆಯನ್ನು ಹೆಗಲ ಮೇಲೆ ಸರಿಪಡಿಸಿ, ಗಲ್ಲದ ಕೆಳಗೆ ಒಂದೇ ಬೆರಳಿಟ್ಟು ಮುಖವನ್ನು ಬೆಳಕಿನ ಕಡೆಗೆ ಒಂದಿಷ್ಟು ಎತ್ತಿದಳು.

"ಹಂಗೇ ಇರು" ಎಂದಳು.

ಶ್ರೀನಿವಾಸಪುರದ ಬಸ್ಸು ಬಂದು ನಿಂತು ಕಂಡಕ್ಟರ್ ಕೂಗಿದ. ಸರಳಾ ಅಲ್ಲಾಡದೆ ನಿಂತಿದ್ದಳು.