ಅಟ್ಟದ ಮೇಲಿನ ಕರಡಿಗೆ

ಮೊದಲ ಚುನಾವಣೆ ನಡೆದ ವರ್ಷ, ಮಗಳ ಮದುವೆಗೆ ಹಂಡೆ ಇಳಿಸಲು ಅಟ್ಟ ಹತ್ತಿದ ಕಾಂತಮ್ಮನಿಗೆ ರಾಗಿ ಮಡಕೆಯೊಳಗೆ ಗಂಡನ ಬೆಳ್ಳಿ ಕರಡಿಗೆ ಸಿಕ್ಕಿತು. ತೆರೆದಳು. ಅವನು ಕೊರಳಲ್ಲಿ ಕಟ್ಟಿಕೊಳ್ಳುತ್ತಿದ್ದ ಲಿಂಗ ಒಳಗೇ ಇತ್ತು.

ಮಗಳು ಚಿಕ್ಕವಳಿದ್ದಾಗ ಅಣ್ಣನ ಜೊತೆ ಏಲಕ್ಕಿ ಮಾರಲು ಮಂಗಳೂರಿಗೆ ಹೋಗಿದ್ದ ಮೈದುನ ನಂಜಪ್ಪ ಒಬ್ಬನೇ ಮರಳಿ, ಸಂಪಾಜೆಯಲ್ಲಿ ವಾಂತಿಭೇದಿಯಾಗಿ ಅಣ್ಣ ಹೋದ, ಅಂಗೈಯಲ್ಲಿ ಲಿಂಗವಿಟ್ಟು ಅಲ್ಲೇ ಮಣ್ಣು ಮಾಡಿದೆ ಎಂದು ಗೋಳಾಡಿದ್ದ. ಹೂತವನ ಲಿಂಗ ಅವನ ಜೊತೆಗೇ ಮಣ್ಣಿಗೆ ಹೋಗುತ್ತದೆ, ಅಟ್ಟಕ್ಕೆ ಬರುವುದಿಲ್ಲ. ಅಂದಿನಿಂದ ಅತ್ತೆ ಶಕುಂತಲಮ್ಮನ ಬಾಯಲ್ಲಿ ಕಾಂತಮ್ಮ ಗಂಡನ ತಿಂದವಳು. ನಾಳೆಯ ಧಾರೆಯಲ್ಲೂ ಹಿತ್ತಲು ಬಿಟ್ಟು ಬರಬಾರದೆಂದು ಕಟ್ಟಪ್ಪಣೆ. ಹೆತ್ತವಳು ಆರತಿ ಎತ್ತುವ ಹಾಗಿಲ್ಲವಂತೆ!

ಶಕುಂತಲಮ್ಮ ಪಡಸಾಲೆಯಲ್ಲಿ ವೀಳ್ಯದೆಲೆ ಒರೆಸುತ್ತಿದ್ದಳು.

"ಕೊಂದ್ರಾ ಅತ್ತೆ? ತಾಯಿ ಮಗ ಸೇರಿ ಕೊಂದು ಹಾಕಿದ್ರಾ ಅವ್ರನ್ನ?"

ಕರಡಿಗೆ ಕಂಡು ಮುದುಕಿಯ ಮುಖ ಬಿಳಿಚಿತು. "ಥೂ, ನಿನ್ನ ನಾಲಗೆ ಬಿದ್ದೋಗ! ಚೆನ್ನಾಗೇ ಅವ್ನೆ. ನಾಪೋಕ್ಲು ಕಡೆ ಯಾವಳದೋ ಮನೆ ಸೇರ್ಕಂಡು ಬಾಡು ತಿನ್ಕಂಡವ್ನೆ. ಲಿಂಗ ಬಿಚ್ಚಿ ತಮ್ಮನ ಕೈಲಿ ಕಳಿಸ್ದ. ಲಿಂಗ ಬಿಟ್ಟೋನು ನಮ್ಮ ಪಾಲಿಗೆ ಸತ್ತಂಗೆ. ಅದಕ್ಕೇ ಸತ್ತ ಅಂದ್ವಿ. ಮನೆ ಮರ್ಯಾದೆ ಉಳೀಬೇಕಲ್ಲ?"

ಗಂಡ ಬದುಕಿದ್ದಾನೆಂಬ ಸಂತೋಷ ಕಾಂತಮ್ಮನಲ್ಲಿ ಹುಟ್ಟಲೇ ಇಲ್ಲ. ಆ ಕೇಡಿಗನ ಮೇಲೂ ಈ ಮುದುಕಿಯ ಮೇಲೂ ಒಟ್ಟಿಗೇ ಸಿಟ್ಟು ನೆತ್ತಿಗೇರಿತು.

"ನಿಮ್ಮ ಮರ್ಯಾದೆಗೆ ನನ್ನ ಬಳೆ ಒಡೆದ್ರಾ?"

"ಕೂಗು, ಊರಿಗೆಲ್ಲ ಕೇಳ್ಸು. ಮುರಿಯೋದು ನಿನ್ನ ಮಗಳ ಮದುವೇನೇ."

ಕಾಂತಮ್ಮ ಆರತಿ ತಟ್ಟೆಯಲ್ಲಿದ್ದ ಕುಂಕುಮದ ಭರಣಿಯನ್ನು ಅತ್ತೆಯ ಮುಂದೆ ಕುಕ್ಕಿದಳು. "ನೀವೇ ಇಡಿ. ನಾಳೆ ಆರತಿ ನಾನೇ ಎತ್ತೋದು. ಕೇಳ್ದೋರಿಗೆ, ನೀವೇ ಹೇಳಿದ್ದು ಅನ್ನಿ. ಇಲ್ದಿದ್ರೆ ಈ ಲಿಂಗ ಮದುವೆಗೆ ಬರೋ ಅಯ್ಯನೋರ ಕೈಗೆ ಹೋಯ್ತದೆ."

"ಮಗಳ ಬಾಳು ಹಾಳಾಯ್ತದೆ ಕಣೇ!"

"ಆಗ್ಲಿ. ನನ್ನದು ಹಾಳು ಮಾಡೋವಾಗ ನಿಮ್ಮ ಕೈ ನಡುಗಿತ್ತಾ?"

ಹಾಗೆ ಮಾಡುವ ಧೈರ್ಯ ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಪುಣ್ಯಕ್ಕೆ ಮುದುಕಿಗೆ ಅದು ಗೊತ್ತಾಗಲಿಲ್ಲ. ಶಾಪ ಹಾಕುತ್ತಲೇ ಹೆಬ್ಬೆರಳು ಅದ್ದಿ ಸೊಸೆಯ ಹಣೆಗೆ ಒತ್ತಿದಳು.

"ಇಟ್ಟೆ. ಈಗ ಅವನೂ ಬೇಕೇನೇ?"

"ಬೇಡ. ಮಗಳನ್ನ ಕಳಿಸಿಕೊಟ್ಟ ಮೇಲೆ ಈ ಕುಂಕುಮ ನಾನೇ ಒರೆಸ್ಕತೀನಿ. ನನ್ನ ಗಂಡ ಸತ್ತ ಅಂತ ನಾನು ಹೇಳ್ಬೇಕು, ನೀವಲ್ಲ."