ಡ್ರಾಯಿಂಗ್ ಮೇಷ್ಟ್ರ ಬೆನ್ನು

ಕೊಯ್ಲು ಹತ್ತಿರವಾದಂತೆ ಬೋರ್ಡಕ್ಕನ ಅಂಗಳಕ್ಕೆ ಟ್ರ್ಯಾಕ್ಟರಿನ ಟ್ರೇಲರುಗಳು ಬಂದು ನಿಲ್ಲುವುದು ವಾಡಿಕೆ. ವರ್ಷವಿಡೀ ಮಣ್ಣು, ಗೊಬ್ಬರ ಹೊತ್ತು ಬಣ್ಣಗೆಟ್ಟ ಹಲಗೆಗಳಿಗೆ ಹೊಸ ಕಾಳು ಹೊರುವ ಮುಂಚೆ ಒಂದು ಕೈ ಬಣ್ಣ, ಹಿಂಬದಿಗೆ ಒಡೆಯನ ಹೆಸರು. ಅವಳಿಗೆ ಆ ಹೆಸರು ತಂದಿದ್ದ ಅಂಗಡಿ ಬೋರ್ಡುಗಳನ್ನೆಲ್ಲ ಪೇಟೆಯ ಪ್ರಿಂಟಿಂಗ್ ಯಂತ್ರ ನುಂಗಿಕೊಂಡ ಮೇಲೆ ಅವಳ ಕೈಗೆ ಉಳಿದದ್ದು ಈ ಟ್ರೇಲರುಗಳೇ. ಅವತ್ತು ಒಣಗಾಳಿ ಎದ್ದಿತ್ತು. ಹಸಿಬಣ್ಣದ ಮೇಲೆ ಧೂಳು ಕೂರದಿರಲೆಂದು ಹಳೆಯ ಹೊದಿಕೆ ಅಡ್ಡ ಕಟ್ಟಿ, ಕುಕ್ಕರುಗಾಲಲ್ಲಿ ಕೂತು ಅಕ್ಷರಕ್ಕೆ ನೆರಳು ಕೊಡುತ್ತಿದ್ದಳು.

ಶಾಲೆಯ ಹೊಸ ಹೆಡ್ಮಾಸ್ಟರು ಬಂದದ್ದು ಆಗಲೇ. ಅವಳಿಗೂ ಕಲಿಸಿದ್ದ ಡ್ರಾಯಿಂಗ್ ಮೇಷ್ಟ್ರು ಚಳಿಗಾಲದಲ್ಲಿ ತೀರಿಕೊಂಡಿದ್ದರು. ಅವರು ಪಾಠ ಮಾಡುತ್ತಿದ್ದ ಕೋಣೆಗೆ ಸುಣ್ಣ ಬಳಿಸಿದೆ, ರಜೆ ಮುಗಿಯುವುದರೊಳಗೆ ಗೋಡೆಯ ಮೇಲೆ ಅವರದೊಂದು ಚಿತ್ರ ಆಗಬೇಕು ಎಂದರು. ಕೂಲಿಯ ಮಾತೆತ್ತಿದಾಗ ಬೋರ್ಡಕ್ಕ ಕುಂಚದಿಂದ ಕಣ್ಣೆತ್ತಲಿಲ್ಲ.

“ಅದು ನನಗೂ ಮೇಷ್ಟ್ರಿಗೂ ಇರೋ ಲೆಕ್ಕ, ಬಿಡಿ ಸಾರ್,” ಎಂದಳು.

ಒಪ್ಪಿಕೊಂಡಷ್ಟು ಸಲೀಸಾಗಿ ಕೆಲಸ ಕೈಗೆ ಹತ್ತಲಿಲ್ಲ. ಸಂಜೆ ಒಬ್ಬಳಿಗೆ ಒಲೆ ಹಚ್ಚುವುದು ಬೇಡವೆನಿಸಿ, ಮಧ್ಯಾಹ್ನದ ತಣ್ಣನೆ ಊಟ ಮುಗಿಸಿ, ಹಲಗೆಯೊಂದರ ಮೇಲೆ ಇದ್ದಿಲಿನಿಂದ ಮುಖ ಬರೆದಳು. ಎದ್ದು ನಿಂತು ನೋಡಿದರೆ ಸತ್ತುಹೋದ ತನ್ನ ಅಪ್ಪ. ಒರೆಸಿ ಮತ್ತೆ ಬರೆದಳು. ಈ ಸಲ, ಹಿಂದೊಮ್ಮೆ ಚುನಾವಣೆಗೆಂದು ತಾನು ಊರೂರಿನ ಗೋಡೆಯ ಮೇಲೆ ಬರೆದಿದ್ದ ಒಬ್ಬ ಮುಖಂಡ ಕೈಮುಗಿದು ನಿಂತಿದ್ದ. ಮೂರನೆಯ ಸಲ ಬಂದವನು ತಲೆಗೆಣ್ಣೆಯ ಜಾಹೀರಾತಿನವನು, ಹಲ್ಲು ಬಿಟ್ಟುಕೊಂಡು. ಹೊಟ್ಟೆಪಾಡಿಗೆ ಬರೆದ ಮುಖಗಳೆಲ್ಲ ಕರೆಯದೆ ಬಂದವು, ಬೇಕಾದ ಒಂದು ಮಾತ್ರ ಬರಲಿಲ್ಲ. ಕಂಡರೆ ಗುರುತು ಹಿಡಿಯುವುದು ಬೇರೆ, ಇಲ್ಲದವರನ್ನು ಕಣ್ಣಮುಂದೆ ತಂದು ಕೂರಿಸುವುದು ಬೇರೆ. ಶಾಲೆಯ ಆಫೀಸಿನಲ್ಲಿ ಒಂದು ಫೋಟೊ ಇತ್ತು ನಿಜ, ಗೋಡೆಯ ತೇವ ಕುಡಿದು ಕುಡಿದು ಅದರಲ್ಲಿ ಮುಖವಿದ್ದ ಕಡೆ ಬೂಷ್ಟು ಹಿಡಿದಿತ್ತು.

ಮುಖ ನೆನಪಿಗೆ ಬಾರದ್ದಕ್ಕೆ ಮೇಷ್ಟ್ರ ಪದ್ಧತಿಯೂ ಕಾರಣವೇ. ಅವರು ಮಕ್ಕಳ ಕಡೆ ಬೆನ್ನು ಹಾಕಿಯೇ ಪಾಠ ಮಾಡುತ್ತಿದ್ದರು. ಕಿಟಕಿಯ ಎದುರಿಗೆ ಸ್ಟೂಲು ಎಳೆದುಕೊಂಡು, ಮೊಣಕಾಲ ಮೇಲೆ ರಟ್ಟು ಇಟ್ಟುಕೊಂಡು, ಹೊರಗಿನ ಬೇಲಿಯನ್ನೋ ಕಟ್ಟಿಹಾಕಿದ ಕತ್ತೆಯನ್ನೋ ತಾವೂ ಬರೆಯುವರು. ಮಕ್ಕಳು ಹಿಂದೆ ಕೂತು ಬರೆಯಬೇಕು. ನಾನು ನೋಡ್ತಿದ್ರೆ ನಿಮ್ಮ ಕೈ ಹೆದರುತ್ತೆ, ಅದಕ್ಕೆ ನೀವೇ ನನ್ನನ್ನ ನೋಡ್ಕೊಂಡಿರಿ ಎನ್ನುತ್ತಿದ್ದರು. ಗಂಟೆ ಬಾರಿಸಿದ ಮೇಲೆ ತಿರುಗಿ, ಸಾಲುಗಳ ನಡುವೆ ಬಂದು ಬಗ್ಗುವರು. ಆಗ ಮಕ್ಕಳ ಕಣ್ಣು ತಂತಮ್ಮ ಹಾಳೆಯ ಮೇಲೆ. ಮುಖ ನೋಡುವ ಧೈರ್ಯ ಯಾರಿಗಿತ್ತು? ಚೆನ್ನಾಗಿದೆ, ಕೆಟ್ಟದಾಗಿದೆ ಎಂದು ಒಂದು ದಿನವೂ ಹೇಳಿದವರಲ್ಲ. “ಇನ್ನೊಂದು ಸಲ ನೋಡು,” ಎಂದು ಮುಂದಿನ ಬೆಂಚಿಗೆ ಹೋಗುವರು.

ಮರುದಿನ ಬೋರ್ಡಕ್ಕ ಕ್ಷೌರದಂಗಡಿಯವನ ಹತ್ತಿರ ಹೋದಳು. ಅವನೂ ಆ ಕೋಣೆಯಲ್ಲಿ ಅವಳ ಪಕ್ಕದ ಸಾಲಿನಲ್ಲಿ ಕೂತವನೇ. ಯಾರ ತಲೆಗೂ ಕತ್ತರಿ ಇಡುವ ಮುಂಚೆ ಒಂದು ಸುತ್ತು ಬಂದು, ಕಣ್ಣು ಕಿರಿದು ಮಾಡಿ ನೋಡುವ ಅವನ ಚಾಳಿ ಅಲ್ಲಿಂದ ಬಂದದ್ದು. ಗಿರಾಕಿಗಳು ಇವನೇನು ಕ್ಷೌರ ಮಾಡ್ತಾನೋ ಸಂತೆಯಲ್ಲಿ ಎಮ್ಮೆ ಆರಿಸ್ತಾನೋ ಎಂದು ನಗುತ್ತಿದ್ದರು.

“ಮುಖ ಕೇಳಿದ್ರೆ ನಾನೆಲ್ಲಿಂದ ತರ್ಲಿ ಅಕ್ಕಾ? ಗಡ್ಡ ಅವ್ರೇ ಕೆರ್ಕೊಳ್ತಿದ್ರು. ನನ್ನ ಪಾಲಿಗೆ ಬಂದಿದ್ದು ಹಿಂದಲೆ ಒಂದೇ,” ಎಂದ ಅವನು. ಸ್ವಲ್ಪ ಹೊತ್ತು ಕತ್ತರಿ ಆಡಿಸಿ ಹೇಳಿದ, “ಎರಡು ಸುಳಿ ಇತ್ತು ನೋಡು. ಎರಡು ಸುಳಿ ಇದ್ದೋರಿಗೆ ಎರಡು ಮದುವೆ ಅಂತಾರೆ. ಈ ಪುಣ್ಯಾತ್ಮನಿಗೆ ಒಂದೂ ಕೂಡಿ ಬರ್ಲಿಲ್ಲ.”

ಕುರ್ಚಿಯಲ್ಲಿ ಕೂತಿದ್ದವನು ನಕ್ಕ. ಬೋರ್ಡಕ್ಕನೂ ನಕ್ಕಳು. ತನಗೆ ಇದ್ದದ್ದು ಒಂದೇ ಸುಳಿ, ಅದೂ ಫಲ ಕೊಡಲಿಲ್ಲ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು.

ಅಲ್ಲಿಂದ ಬಟ್ಟೆ ಹೊಲಿಯುವವಳ ಹತ್ತಿರ ಹೋದಳು. ಅವಳೂ ಅದೇ ಕೋಣೆಯಲ್ಲಿ ಕಲಿತವಳು, ಅಳತೆಪಟ್ಟಿ ಹಿಡಿಯದೆ ಕಣ್ಣಲ್ಲೇ ಮೈ ಅಳೆಯಬಲ್ಲವಳು. ಮೇಷ್ಟ್ರ ಎಡಗಡೆ ಹೆಗಲು ಇಳಿದಿತ್ತು, ಅದಕ್ಕೆ ತಕ್ಕಂತೆ ಅಂಗಿಯ ತೋಳು ತಗ್ಗಿಸಿ ಹೊಲಿಯುತ್ತಿದ್ದೆ, ಅವರಿಗೆ ಅದು ಗೊತ್ತೇ ಆಗಲಿಲ್ಲ ಎಂದಳು. ಕಾಲರಿನ ಹಿಂಭಾಗ ಎಲ್ಲಿ ಸವೆಯುತ್ತಿತ್ತು ಎಂಬುದನ್ನೂ ಹೇಳಿದಳು. ಮುಖದ ಮಾತು ಬಂದಾಗ ಮಾತ್ರ ಮೆಷಿನ್ನಿನ ಚಕ್ರ ತಿರುಗಿಸಿ ಹೊಲಿಗೆ ಮುಂದುವರಿಸಿದಳು.

ಮನೆಗೆ ಬಂದ ಬೋರ್ಡಕ್ಕ ಪೆಟ್ಟಿಗೆಯ ತಳದಿಂದ ಒಂದು ಕುಂಚ ತೆಗೆದಳು. ಓದು ಬಿಡಿಸಿ ಅಪ್ಪ ಅವಳನ್ನು ಕೆಲಸಕ್ಕೆ ಹಚ್ಚಿದ ವರ್ಷ ಮೇಷ್ಟ್ರು ಕೊಟ್ಟದ್ದು, ಮೃದುಗೂದಲಿನದು, ಅವರ ಹತ್ತಿರವಿದ್ದ ಒಂದೇ ಒಂದು ಒಳ್ಳೆಯ ಕುಂಚ. “ದಾನ ಅಲ್ಲ ಇದು, ಸಾಲ. ತೇದು ಮೋಟಾದ ಮೇಲೆ ತಂದು ನನ್ನ ಕೈಗೆ ಕೊಡು,” ಎಂದಿದ್ದರು. ತಗಡಿನ ಬಣ್ಣಕ್ಕೆ ಅದ್ದಿದರೆ ಹಾಳಾಗುತ್ತದೆಂದು ಅವಳು ಬಟ್ಟೆ ಸುತ್ತಿ ಇಟ್ಟಳು. ಜೋಪಾನ ಮಾಡಿದ್ದೇ ತಪ್ಪಾಯಿತು. ಹೊಸತಾಗೇ ಇದ್ದದ್ದನ್ನು ಯಾವ ಮುಖ ಹೊತ್ತು ಕೊಡುವುದು? ಮೇಷ್ಟ್ರು ಎರಡು ಬೀದಿಯಾಚೆಗೇ ಇದ್ದರೂ ಅವಳು ಮಾತಾಡಿಸಲು ಹೋದವಳಲ್ಲ. ಎದುರಾದರೆ ಓಣಿಗೆ ತಿರುಗಿ, ಅವರು ದಾಟಿದ ಮೇಲೆ ನಿಂತು ನೋಡುತ್ತಿದ್ದಳು. ಅಲ್ಲಿಯೂ ಅವಳಿಗೆ ದಕ್ಕಿದ್ದು ಬೆನ್ನೇ.

ಗೋಡೆಯ ಕೆಲಸ ಶುರುವಾಯಿತು. ಕಿಟಕಿಯ ಪಕ್ಕದಲ್ಲೇ, ಸ್ಟೂಲು ಇರುತ್ತಿದ್ದ ಕಡೆಯಲ್ಲೇ ಬರೆದಳು. ದೊಡ್ಡ ಜಾಗಗಳನ್ನು ಅಗಲ ಕುಂಚದಲ್ಲಿ ತುಂಬಿ, ಉಳಿದದ್ದಕ್ಕೆಲ್ಲ ಮೇಷ್ಟ್ರ ಕುಂಚವನ್ನೇ ಹಿಡಿದಳು: ಎರಡು ಸುಳಿ, ಕಿವಿಯ ಹಿಂದೆ ಸಿಕ್ಕಿಸಿದ ಪೆನ್ಸಿಲು, ಇಳಿದ ಹೆಗಲು, ಸವೆದ ಕಾಲರು. ಸುಣ್ಣದ ಒರಟು ಗೋಡೆ ಕುಂಚದ ಕೂದಲನ್ನು ಹುಲ್ಲು ಮೇಯ್ದಂತೆ ಮೇಯಿತು. ಅವಳು ಕೈ ತಡೆಯಲಿಲ್ಲ.

ಹೆಡ್ಮಾಸ್ಟರು ಬಂದು ನಿಂತು, ಮುಖ ಎಲ್ಲಿ ಎಂದು ಕೇಳಿದರು. ನೋಡಲು ಬಂದಿದ್ದ ಕ್ಷೌರದವನೇ ಉತ್ತರ ಕೊಟ್ಟ.

“ಹಿಂದಿನ ಬೆಂಚಲ್ಲಿ ಹೋಗಿ ಕೂತ್ಕೊಳ್ಳಿ ಸಾರ್. ನಾವು ನೋಡಿದ್ದು ಇಷ್ಟೇ.”

ಹೆಡ್ಮಾಸ್ಟರು ಹೋಗಿ ಕೂತರು. ಆಮೇಲೆ ಕೀಲಿಕೈ ಬೋರ್ಡಕ್ಕನ ಹತ್ತಿರ ಬಿಟ್ಟು, ಮುಗಿದ ಮೇಲೆ ಬೀಗ ಹಾಕಿಕೊಂಡು ಬರಲು ಹೇಳಿ ಹೋದರು. ಗಿರಾಕಿ ಕಾಯುತ್ತಾರೆಂದು ಕ್ಷೌರದವನೂ ಹೊರಟ.

ಸಂಜೆಯ ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಕೆಲಸ ಮುಗಿಯಿತು. ಕುಂಚ ಮೋಟಾಗಿತ್ತು, ಹಲ್ಲುಜ್ಜಿ ಎಸೆದ ಬೇವಿನ ಕಡ್ಡಿಯ ಹಾಗೆ. ಅದನ್ನು ತೊಳೆದು, ಒರೆಸಿ, ಮೇಷ್ಟ್ರು ಕುಂಚಗಳನ್ನು ಇಡುತ್ತಿದ್ದ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ತನ್ನ ಹಳೆಯ ಬೆಂಚಿಗೆ ಹೋಗಿ, ಮೊಣಕಾಲು ತಾಗುವ ಹಾಗೆ ಮುದುಡಿ ಕೂತಳು. ಎದುರಿಗೆ ಆ ಬೆನ್ನು, ಪಕ್ಕದ ಕಿಟಕಿಯಾಚೆ ಬೇಲಿ. ತಲೆ ತಾನಾಗಿಯೇ ಬಗ್ಗಿತು, ಅವರು ಎದ್ದು ಬಂದು ಪಕ್ಕದಲ್ಲಿ ನಿಲ್ಲುವ ಹೊತ್ತಾಯಿತೇನೋ ಎಂಬಂತೆ. ಗೋಡೆಯಲ್ಲಿ ಹಸಿಬಣ್ಣ ಒಣಗುತ್ತಿತ್ತು. ಹೊರಗೆ ಯಾರೋ ದನಗಳನ್ನು ಹೊಡೆದುಕೊಂಡು ಹೋದರು.

ಕತ್ತಲಾಗುವ ಮುಂಚೆ ಎದ್ದು ಬಾಗಿಲಿಗೆ ಬೀಗ ಹಾಕಿದಳು. ನಾಲ್ಕು ಹೆಜ್ಜೆ ಹೋದವಳು ಮತ್ತೆ ಬಂದು, ಬೀಗ ತೆಗೆದು, ಕಟ್ಟೆಯ ಮೇಲಿನ ಮೋಟು ಕುಂಚವನ್ನು ಎತ್ತಿಕೊಂಡಳು. ಕೈಗೆ ಕೊಡು ಎಂದಿದ್ದರು ಮೇಷ್ಟ್ರು. ಕಟ್ಟೆಯ ಮೇಲಿಟ್ಟು ಹೋದರೆ ಅದು ಕೊಟ್ಟಂತಾಗುವುದಿಲ್ಲ.

ಅಂಗಳದಲ್ಲಿ ಟ್ರೇಲರಿನವನು ಕಾಯುತ್ತಿದ್ದ. ನಾಳೆಯೇ ಕೊಯ್ಲು, ಹೆಸರು ಇನ್ನೂ ಅರ್ಧಕ್ಕೇ ನಿಂತಿದೆ ಎಂದು ಗೊಣಗಿದ. ಬೋರ್ಡಕ್ಕ ದೀಪ ಹಾಕಿ, ಕುಂಚವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟು ಬಂದು, ಬಿಟ್ಟ ಅಕ್ಷರದ ಮುಂದೆ ಕುಕ್ಕರುಗಾಲಲ್ಲಿ ಕೂತಳು.