ಬೇಸಿನ್ನಿಂದ ಮೂರನೇ ಕುರ್ಚಿಗೆ

ಸಲೂನಿನಲ್ಲಿ ಕನ್ನಡಿಗಳ ಸಾಲು ಮುಗಿಯುವ ಕಡೆ, ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಪಟ್ಟಿ ಇತ್ತು. ಒಂದನೇ ಮಟ್ಟದವರು ಕೂದಲು ಗುಡಿಸಬೇಕು, ಟವೆಲ್ ಮಡಚಬೇಕು. ಎರಡನೆಯವರು ತಲೆ ತೊಳೆಯಬೇಕು, ಒಣಗಿಸಬೇಕು. ಮೂರನೆಯವರ ಕೈಗೆ ಕತ್ತರಿ ಬರುತ್ತದೆ, ಸ್ವಂತ ಕುರ್ಚಿಯೂ ಸಿಗುತ್ತದೆ. ನಾಲ್ಕನೆಯವರು ಬಣ್ಣ ಹಚ್ಚುವವರು. ಐದನೆಯವರು ಮಿಕ್ಕವರು ಕೆಡಿಸಿದ್ದನ್ನು ರಿಪೇರಿ ಮಾಡುವ ಮಹಾನುಭಾವರು. ಪುಟ್ಟಿ ಈ ಪಟ್ಟಿಯನ್ನು ಆರು ವರ್ಷದಿಂದ ಓದುತ್ತಿದ್ದಳು. ಬೇಸಿನ್ ಹಿಂದೆ ನಿಂತವರ ಕಣ್ಣಿಗೆ ಬೀಳುವುದು ಅದೊಂದೇ.

ಮೂವತ್ತೆರಡು ತುಂಬಿದ ಹೆಂಗಸನ್ನು ಪುಟ್ಟಿ ಅನ್ನಬಾರದು. ಆದರೆ ಅವಳ ಅಕ್ಕ ಒಮ್ಮೆ ಸಲೂನಿನ ಬಾಗಿಲಲ್ಲಿ ನಿಂತು ಎಲ್ಲರೆದುರು ಹಾಗೆ ಕೂಗಿದ್ದಳು. ಅಂದಿನಿಂದ ಅವಳ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಅವಳ ಕಷ್ಟ ಏನೆಂದರೆ, ಅವಳು ತಲೆ ತೊಳೆಯುವುದರಲ್ಲಿ ಎತ್ತಿದ ಕೈ. ನೀರನ್ನು ಮೊದಲು ತನ್ನ ಮಣಿಕಟ್ಟಿನ ಮೇಲೆ ಬಿಟ್ಟು ನೋಡುವಳು, ಕಿವಿಗೆ ಅಂಗೈ ಅಡ್ಡ ಹಿಡಿಯುವಳು, ಕತ್ತಿನ ಹಿಂದಿನ ಗುಳಿಯನ್ನು ಹೆಬ್ಬೆರಳಿನಿಂದ ಒತ್ತುವಳು. ಗಿರಾಕಿಗಳು ಬಾಯಿ ಬಿಟ್ಟುಕೊಂಡು ನಿದ್ದೆ ಹೋಗುವರು. ಅವಳ ನಂತರ ಸೇರಿದವರೆಲ್ಲ ಕತ್ತರಿ ಹಿಡಿದು ಕುರ್ಚಿಗೆ ಹೋದರು, ಒಬ್ಬನಂತೂ ಐದನೇ ಮಟ್ಟಕ್ಕೂ ಹೋದ. ಪುಟ್ಟಿಗೆ ಮಾತ್ರ ಸಲ ಸಲಕ್ಕೂ ಒಂದೊಂದು ನೆಪ. ಒಮ್ಮೆ ಪರೀಕ್ಷಕರು ಬರಲಿಲ್ಲ, ಒಮ್ಮೆ ಅರ್ಜಿ ತಡವಾಯಿತು, ಒಮ್ಮೆ ಸಲೂನಿನ ಮೇಡಂ ಎರಡನೇ ಮಟ್ಟವನ್ನೇ ಸೀಳಿ 'ಎರಡು ಎ', 'ಎರಡು ಬಿ' ಎಂದು ಮಾಡಿಬಿಟ್ಟರು. ಕಿಟಕಿ ಪಕ್ಕದ ಮೂರನೇ ಕುರ್ಚಿ ಒಂದು ವರ್ಷದಿಂದ ಖಾಲಿ ಬಿದ್ದಿತ್ತು. ದಿನಾ ಬೆಳಿಗ್ಗೆ ಅದರ ಧೂಳು ಒರೆಸುವವಳೂ ಅವಳೇ.

ಕೊನೆಗೂ ಪರೀಕ್ಷೆಯ ದಿನ ಗೊತ್ತಾಯಿತು. ಜೊತೆಗೆ ಬಂದ ಹಾಳೆಯಲ್ಲಿ ನಿಯಮ ಸ್ಪಷ್ಟವಾಗಿತ್ತು: ಮಾಡೆಲ್ ಆಗಿ ಕೂರುವವರು ಸಲೂನಿನ ಹೊರಗಿನವರಾಗಿರಬೇಕು, ಕೂದಲು ಕಾಲರ್ ದಾಟಿರಬೇಕು, ಮೂರು ತಿಂಗಳಿಂದ ಕತ್ತರಿ ತಾಗಿರಬಾರದು. ಪರೀಕ್ಷೆ ಹತ್ತರಿಂದ ನಾಲ್ಕರವರೆಗೆ.

"ನಾನಿದ್ದೀನಲ್ಲೇ," ಎಂದಿದ್ದಳು ಅಕ್ಕ. ಆರು ತಿಂಗಳು ಕೂದಲು ಬಿಟ್ಟಳು. ಸೆಖೆಯಲ್ಲಿ ಕತ್ತು ಬೆವೆತರೂ, ಭಾವ ಗೊಣಗಿದರೂ, ಕತ್ತರಿ ಮುಟ್ಟಲಿಲ್ಲ. ಪುಟ್ಟಿಗೆ ಅಕ್ಕನ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತ್ತು.

ಪರೀಕ್ಷೆಯ ದಿನ ಹತ್ತಕ್ಕೆ ಐದು ನಿಮಿಷ ಇರುವಾಗ ಅಕ್ಕ ಒಳಗೆ ಬಂದು ತಲೆಯ ಮೇಲಿನ ಸ್ಕಾರ್ಫ್ ಬಿಚ್ಚಿದಳು. ಪುಟ್ಟಿಯ ಕೈಯಲ್ಲಿದ್ದ ಬಾಚಣಿಗೆ ಕೆಳಗೆ ಬಿತ್ತು. ಹಣೆಯ ಮೇಲೆ ಮುಂಗೂದಲು ಒಂದು ಕಡೆ ಹುಬ್ಬಿನವರೆಗೆ, ಇನ್ನೊಂದು ಕಡೆ ಹಣೆಯ ಅರ್ಧಕ್ಕೆ ನಿಂತಿತ್ತು.

"ಏನೇ ಇದು?"

"ಬೆಳಿಗ್ಗೆ ಬಚ್ಚಲುಮನೆ ಕನ್ನಡಿ ಮುಂದೆ ಸ್ವಲ್ಪ ಸರಿ ಮಾಡ್ಕೊಂಡೆ ಕಣೇ. ಪರೀಕ್ಷೆ ಮಾಡೋರ ಮುಂದೆ ಕಾಡು ಮನುಷ್ಯರ ಥರಾ ಕೂತ್ಕೊಳ್ಳೋಕಾಗುತ್ತಾ? ನಿಂಗೂ ಕೆಲಸ ಕಮ್ಮಿ ಆಗ್ಲಿ ಅಂತ."

"ಯಾವುದ್ರಲ್ಲಿ ಕತ್ತರಿಸ್ದೆ?"

"ಅಡುಗೆಮನೇಲಿ ಹಾಲಿನ ಪ್ಯಾಕೆಟ್ ಕತ್ತರಿಸ್ತೀವಲ್ಲ, ಅದ್ರಲ್ಲಿ."

ಪುಟ್ಟಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಉಪಕಾರ ಮಾಡುವವರ ಕೈಗೆ ಕತ್ತರಿ ಕೊಡಬಾರದು ಎಂದು ಆ ಪಟ್ಟಿಯಲ್ಲಿ ಮೊದಲು ಬರೆಯಬೇಕಿತ್ತು. ಆರು ತಿಂಗಳು ಕಾದವಳಿಗೆ ಇನ್ನು ಒಂದು ಗಂಟೆ ಕಾಯಲಾಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ.

ಪರೀಕ್ಷಕರು ಸರಿಯಾಗಿ ಹತ್ತಕ್ಕೆ ಬಂದರು. ಬಡಕಲು ಮನುಷ್ಯ, ಜೇಬಿನಲ್ಲಿ ಆರಿಂಚಿನ ಸ್ಕೇಲು. ಅವರದೇ ಕೂದಲು ಮಾತ್ರ ಕಾಲರ್ ದಾಟಿ ಬೆನ್ನಿಗಿಳಿಯುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ. ಅವರು ಅಕ್ಕನ ಮುಖ ನೋಡಲಿಲ್ಲ, ಹಣೆಯನ್ನಷ್ಟೇ ನೋಡಿದರು, ಸ್ಕೇಲು ಇಟ್ಟರು.

"ಇದನ್ನ ಯಾರೋ ಇವತ್ತೇ ಕತ್ತರಿಸಿದ್ದಾರೆ."

"ನಾನೇ ಸರ್," ಎಂದಳು ಅಕ್ಕ ಹೆಮ್ಮೆಯಿಂದ.

"ಹಾಗಾದ್ರೆ ಇದು ಕಟಿಂಗ್ ಅಲ್ಲಮ್ಮ, ರಿಪೇರಿ. ರಿಪೇರಿ ಐದನೇ ಮಟ್ಟದ್ದು. ಎರಡನೇ ಮಟ್ಟದವರು ಮುಟ್ಟೋ ಹಾಗಿಲ್ಲ. ಈ ಮಾಡೆಲ್ ನಡೆಯಲ್ಲ."

"ಸರ್, ಹಿಂದ್ಗಡೆ ಕೂದಲು ಹಾಗೇ ಇದೆ. ಮುಂದಿಂದು ಬಿಟ್ಟು..."

"ಹಾಳೇಲಿ ಅರ್ಧ ತಲೆ ಅಂತ ಬರೆದಿಲ್ಲ."

ಮೇಡಂ ಓಡಿ ಬಂದರು. ಮುಖದಲ್ಲಿ ಮರುಕ ಇತ್ತು, ಆದರೆ ಅದರ ಹಿಂದೆಯೇ ನೆಮ್ಮದಿಯೂ ಇಣುಕುತ್ತಿತ್ತು. "ಹೋಗ್ಲಿ ಬಿಡು ಪುಟ್ಟಿ, ಆರು ತಿಂಗಳಿಗೆ ಮತ್ತೆ ಬರುತ್ತಲ್ಲ."

"ಆರು ವರ್ಷ ಆಯ್ತು ಮೇಡಂ!" ಪುಟ್ಟಿಯ ದನಿ ಮೊದಲ ಸಲ ಡ್ರೈಯರುಗಳ ಸದ್ದನ್ನೂ ಮೀರಿತು. "ನನ್ನ ಹಿಂದೆ ಬಂದೋರೆಲ್ಲ ಮುಂದೆ ಹೋದ್ರು. ನಾನೇನು ಕಮ್ಮಿ ಮಾಡಿದ್ದೀನಿ ಹೇಳಿ."

"ಕಮ್ಮಿ ಯಾರು ಅಂದ್ರು? ನೀನು ಕುರ್ಚಿಗೆ ಹೋದ್ರೆ ಬೇಸಿನ್‌ಗೆ ನಾನೆಲ್ಲಿಂದ ಜನ ತರ್ಲಿ?" ಆಡಿದ ಮೇಲೆ ಮೇಡಂ ತುಟಿ ಕಚ್ಚಿಕೊಂಡರು. ಬಾಯಿ ತಪ್ಪಿ ಬಂದದ್ದೇ ಆರು ವರ್ಷದ ಲೆಕ್ಕಕ್ಕೆ ಉತ್ತರವಾಗಿತ್ತು.

ಪುಟ್ಟಿಯ ಮೈಯೆಲ್ಲ ಉರಿಯಿತು. ಚೆನ್ನಾಗಿ ಮಾಡಿದ್ದೇ ತಪ್ಪಾಯಿತೇ? ಸರಿ ಹಾಗಾದರೆ. ಇನ್ನು ಮೇಲೆ ತಣ್ಣೀರು ಸುರಿಯುತ್ತೇನೆ, ಕಣ್ಣಿಗೆ ಶಾಂಪೂ ಬಿಡುತ್ತೇನೆ, ಆಗ ನೋಡೋಣ ಎಂದುಕೊಂಡಳು.

ಪರೀಕ್ಷೆ ನಾಲ್ಕರವರೆಗೆ ಎಂದು ಹಾಳೆಯಲ್ಲಿದ್ದದ್ದರಿಂದ ಪರೀಕ್ಷಕರು ಎದ್ದು ಹೋಗಲಿಲ್ಲ. ಅವರು ಗಂಟೆಗೂ ಮೀರಿ ಸುಮ್ಮನೆ ಕೂತಿದ್ದು ನೋಡಲಾಗದೆ ಮೇಡಂ, "ಸರ್ ತಲೆ ತೊಳೆದುಕೊಡು ಪುಟ್ಟಿ," ಎಂದರು. ಗಾಯದ ಮೇಲೆ ಉಪ್ಪು.

ಇವರಿಂದಲೇ ಶುರುವಾಗಲಿ ಎಂದು ಪುಟ್ಟಿ ತಣ್ಣೀರಿನ ನಲ್ಲಿ ತಿರುಗಿಸಿದಳು. ಆದರೆ ನೀರು ಮೊದಲು ಬಿದ್ದದ್ದು ತನ್ನದೇ ಮಣಿಕಟ್ಟಿನ ಮೇಲೆ. ಅವಳಿಗೆ ತಿಳಿಯುವ ಮೊದಲೇ ಎಡಗೈ ಬಿಸಿನೀರಿನ ನಲ್ಲಿ ತಿರುಗಿಸಿತ್ತು, ಅಂಗೈ ಕಿವಿಗೆ ಅಡ್ಡ ಹೋಗಿತ್ತು, ಹೆಬ್ಬೆರಳು ಕತ್ತಿನ ಗುಳಿ ಹುಡುಕಿಕೊಂಡಿತ್ತು. ಹಾಳು ಕೈ! ಅವಳಿಗೆ ಮೇಡಂ ಮೇಲಿನದಕ್ಕಿಂತ ತನ್ನ ಕೈಗಳ ಮೇಲೆಯೇ ಹೆಚ್ಚು ಸಿಟ್ಟು ಬಂತು. ಪರೀಕ್ಷಕರು ಎರಡು ನಿಮಿಷದಲ್ಲಿ ಗೊರಕೆ ಹೊಡೆಯುತ್ತಿದ್ದರು.

ಒದ್ದೆ ಕೂದಲಲ್ಲಿ ಬೆರಳಾಡಿಸುವಾಗ ಅವಳ ಕೈ ನಿಂತಿತು. ತುದಿಗಳೆಲ್ಲ ಸೀಳಿದ್ದವು. ನಾಲ್ಕೈದು ತಿಂಗಳಿಂದ ಕತ್ತರಿ ಕಂಡ ಕೂದಲಲ್ಲ ಅದು. ಅವಳು ಗಡಿಯಾರ ನೋಡಿದಳು, ಹನ್ನೊಂದೂವರೆ.

"ಸರ್, ಏಳಿ. ನೀವು ಕಟಿಂಗ್ ಮಾಡಿಸಿ ಎಷ್ಟು ದಿನ ಆಯ್ತು?"

ಅವರು ಕಣ್ಣುಜ್ಜಿಕೊಂಡರು. "ಐದು ತಿಂಗಳಾಯ್ತೇನೋ. ನನ್ನ ತಲೆಗೆ ಕತ್ತರಿ ಹಾಕೋಕೆ ಯಾರೂ ಒಪ್ಪಲ್ಲಮ್ಮ. ಸ್ಕೇಲು ನೋಡಿದ್ರೇ ಕತ್ತರಿ ಕೆಳಗಿಡ್ತಾರೆ."

"ಸಲೂನಿನ ಹೊರಗಿನವರು. ಕಾಲರ್ ದಾಟಿದೆ. ಮೂರು ತಿಂಗಳು ಮೀರಿದೆ. ನಾಲ್ಕು ಗಂಟೆ ಇನ್ನೂ ಆಗಿಲ್ಲ." ಪುಟ್ಟಿ ಬೆರಳು ಮಡಚುತ್ತ ಹೇಳಿದಳು. "ಪರೀಕ್ಷಕರು ಮಾಡೆಲ್ ಆಗಬಾರದು ಅಂತ ಹಾಳೇಲಿ ಎಲ್ಲಿದೆ, ತೋರಿಸಿ."

ಅವರು ಹಾಳೆ ತರಿಸಿಕೊಂಡು, ನೀರು ತೊಟ್ಟಿಕ್ಕುತ್ತಿರುವಾಗಲೇ ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದರು. ಹಿಂದೆ ತಿರುಗಿಸಿಯೂ ನೋಡಿದರು. ಹಾಳೆಯ ಮಾತು ಮೀರಿ ಬದುಕಿದವರಲ್ಲ. ಎದ್ದು ಹೋಗಿ, ಕಿಟಕಿ ಪಕ್ಕದ ಮೂರನೇ ಕುರ್ಚಿಯಲ್ಲಿ ಕೂತರು. ಸ್ಕೇಲನ್ನು ತೊಡೆಯ ಮೇಲಿಟ್ಟುಕೊಂಡರು.

"ಹಾಗಾದ್ರೆ ನಂದೂ ಸರಿ ಮಾಡ್ಬಿಡೇ," ಎಂದಳು ಅಕ್ಕ ಮೂಲೆಯಿಂದ.

"ರಿಪೇರಿ ಐದನೇ ಮಟ್ಟ. ಅಲ್ಲೀತನಕ ಸ್ಕಾರ್ಫ್ ಕಟ್ಕೊಂಡು ಬಾಯಿ ಮುಚ್ಕೊಂಡು ಕೂತ್ಕೋ."

ಮನೆಯ ಅಭ್ಯಾಸಕ್ಕೆ ಬಿಟ್ಟರೆ ಆರು ವರ್ಷ ಪೆಟ್ಟಿಗೆಯಲ್ಲೇ ಇದ್ದ ಅವಳ ಸ್ವಂತ ಕತ್ತರಿ ಹೊರಗೆ ಬಂತು. ಪುಟ್ಟಿ ಕತ್ತಿನ ಬಳಿ ಮೊದಲ ಎಳೆ ಹಿಡಿದು ಕತ್ತರಿಸಿದಳು. ಅಷ್ಟರಲ್ಲಿ ಬಾಗಿಲು ತೆರೆದು, ವಾರಕ್ಕೆರಡು ಸಲ ಬರುವ ದಪ್ಪ ಹೆಂಗಸು ಬಂದು ನೇರ ಬೇಸಿನ್ ಮುಂದೆ ಒರಗಿಕೊಂಡಳು.

"ಪುಟ್ಟೀ!" ಮೇಡಂ ಕೂಗಿದರು. "ಒಂದೇ ನಿಮಿಷ ಬಂದು ಹೋಗೇ!"

ಕನ್ನಡಿಯಲ್ಲಿ ಪರೀಕ್ಷಕರ ಕಣ್ಣು ಅವಳ ಕೈಯ ಮೇಲೆಯೇ ಇತ್ತು.

"ಪರೀಕ್ಷೆ ನಡೀತಿದೆ ಮೇಡಂ," ಎಂದಳು ಪುಟ್ಟಿ. ಕೈ ನಿಲ್ಲಿಸಲಿಲ್ಲ.

ಮೇಡಂ ಸುತ್ತ ನೋಡಿದರು. ಮೂರನೇ ಮಟ್ಟದವರು ಕತ್ತರಿಯಲ್ಲಿ ಮುಳುಗಿದ್ದರು, ನಾಲ್ಕನೆಯವರ ಕೈಗೆ ಬಣ್ಣ, ಐದನೆಯವನು ಯಾವತ್ತೂ ಕರೆದ ಕಡೆ ನೋಡುವವನಲ್ಲ. ಮೇಡಂ ಬಳೆ ಮೇಲೆ ಸರಿಸಿಕೊಂಡು ತಾವೇ ಬೇಸಿನ್ ಹಿಂದೆ ಹೋಗಿ ನಿಂತರು.

ಮುಕ್ಕಾಲು ಗಂಟೆಯ ನಂತರ ಪರೀಕ್ಷಕರು ಸ್ಕೇಲು ಹಿಡಿದು ಎಡಗಡೆ ಅಳೆದರು, ಬಲಗಡೆ ಅಳೆದರು, ಮತ್ತೆ ಎಡಗಡೆ ಅಳೆದರು. ಹಾಳೆಯಲ್ಲಿ 'ಉತ್ತೀರ್ಣ' ಎಂದು ಬರೆದು ಸಹಿ ಹಾಕಿದರು. ಬೇಸಿನ್ ಕಡೆಯಿಂದ ಅಷ್ಟು ಹೊತ್ತಿಗೆ ಮೂರನೇ ಗಿರಾಕಿ ಅರಚುತ್ತಿದ್ದಳು.

"ಅಯ್ಯೋ, ಕಿವಿಯೊಳಗೆಲ್ಲ ನೀರು! ಪುಟ್ಟಿ ಎಲ್ಲಿ?"

ಪುಟ್ಟಿ ಮೂರನೇ ಕುರ್ಚಿಯ ಮೇಲೆ ಬಿದ್ದ ಕೂದಲು ಕೊಡವಿ, ಕಿಟಕಿಯ ಬೆಳಕಿಗೆ ಅದನ್ನು ಸ್ವಲ್ಪ ತಿರುಗಿಸಿ ಇಟ್ಟಳು.

"ಇಲ್ಲಿದ್ದೀನಿ," ಎಂದಳು.